ಎಂಟು ಎಫ್ ಬಂದರೆ ಅದು ಡೇಟಾ ಅಲ್ಲ

ಬಾರ್ ಅಂದರೆ ಕಾರ್ಡಿನ ರಿಜಿಸ್ಟರ್, ಮೆಮೊರಿಗಳಿಗೆ ಪಿಸಿಯಲ್ಲಿ ಕೊಟ್ಟ ಅಡ್ರೆಸ್ ಜಾಗ, ಎಂಮ್ಯಾಪ್ ಅಂದರೆ ಆ ಜಾಗವನ್ನು ಪ್ರೋಗ್ರಾಮಿಗೆ ನೇರ ಕಾಣಿಸುವುದು. ಇದಕ್ಕಿಂತ ಹೆಚ್ಚು ನಾನಿಲ್ಲಿ ಹೇಳುವುದಿಲ್ಲ. ಸ್ವಂತ ಕಾರ್ಡ್ ಮಾಡಿ ಸ್ಲಾಟಿಗೆ ಹಾಕುವ ಮಟ್ಟಕ್ಕೆ ಬಂದವರಿಗೆ ಅಷ್ಟು ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ಮೊದಲು ಅದನ್ನು ಓದಿಕೊಂಡು ಬನ್ನಿ. ಈ ಸಲವೂ ಹೆಚ್ಚಿನವರು ಕೇಳಿರುವುದು ಒಂದೇ ಪ್ರಶ್ನೆ.

ಪ್ರಶ್ನೆ: ನಾವೇ ಮಾಡಿದ ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ಒಳಗೆ ತುಂಬಬಹುದಾದ ಚಿಪ್) ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನಲ್ಲಿದೆ. ಲಿನಕ್ಸಿನಲ್ಲಿ ಅದರ ಮೊದಲ ಬಾರ್ (ಬಾರ್0) ಕಾಣುವ ರಿಸೋರ್ಸ್0 ಫೈಲನ್ನು ಎಂಮ್ಯಾಪ್ ಮಾಡಿ ಓದಿದರೆ ಎಲ್ಲ ಅಡ್ರೆಸಿನಲ್ಲೂ ಎಂಟು ಎಫ್ ಬರುತ್ತಿದೆ. ನಿನ್ನೆ ಸಂಜೆವರೆಗೆ ಸರಿ ಇತ್ತು. ಬರೆಯುವಾಗ ಎರರ್ ಏನೂ ಇಲ್ಲ. ಮೆಮೊರಿ ಚಿಪ್ ಬದಲಾಯಿಸಬೇಕಾ?

ಬೇಡ. ಮೊದಲು ಸೋಲ್ಡರಿಂಗ್ ಐರನ್ ಆಫ್ ಮಾಡಿ.

ನಿನ್ನೆ ಸಂಜೆಗೂ ಈಗಕ್ಕೂ ಮಧ್ಯೆ ಜೆಟ್ಯಾಗ್ ಕೇಬಲ್ಲಿನಿಂದ ಚಿಪ್ಪಿಗೆ ಹೊಸ ಬಿಟ್‌ಫೈಲ್ (ಸರ್ಕ್ಯೂಟ್ ಡಿಸೈನಿನ ಫೈಲು) ಹಾಕಿದ್ದೀರಿ, ಅಲ್ವಾ? ಪತ್ರದಲ್ಲಿ ಬರೆದಿಲ್ಲ. ಯಾರೂ ಬರೆಯುವುದಿಲ್ಲ. ಪಿಸಿಗೆ ಸಿಗಬೇಕಾದ ಉತ್ತರ ಸಿಗದೇ ಹೋದಾಗ ಅದು ಆ ಜಾಗದಲ್ಲಿ ಎಲ್ಲ ಬಿಟ್‌ಗಳನ್ನೂ 1 ಮಾಡಿ ಕೊಡುತ್ತದೆ, ಹೆಕ್ಸ್‌ನಲ್ಲಿ (16ರ ಎಣಿಕೆಯಲ್ಲಿ) ಅದೇ ಎಂಟು ಎಫ್. ನೀವು ನೋಡುತ್ತಿರುವುದು ಮೆಮೊರಿಯನ್ನಲ್ಲ, ಮೌನವನ್ನು. ಹಾಗಾಗಿ ಉತ್ತರ ಎಲ್ಲಿ ತಪ್ಪಿಹೋಯಿತು ಅಂತ ಹುಡುಕಬೇಕು.

ಪಿಸಿಐ ಕಾರ್ಡುಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಆಜ್ಞೆ ಓಡಿಸಿ. ಕಾರ್ಡಿನ ಸಾಲಿನಲ್ಲಿ ರೆವ್ ಎಫ್‌ಎಫ್ ಅಂತ ಇದ್ದರೆ ಲಿಂಕೇ ಬಿದ್ದಿದೆ. ಅಲ್ಲಿ ಸರಿ ಇದ್ದರೆ ಎರಡು ವಿ ಹಾಕಿ ಇನ್ನೊಮ್ಮೆ ಓಡಿಸಿ, ಕಂಟ್ರೋಲ್ ಅನ್ನುವ ಸಾಲು ನೋಡಿ. ಮೆಮ್ ಪಕ್ಕದಲ್ಲಿ ಮೈನಸ್ ಇದ್ದರೆ ಕಾರ್ಡ್ ಯಾವ ಮೆಮೊರಿ ಅಡ್ರೆಸಿಗೂ ಓಗೊಡುವುದಿಲ್ಲ. ಡ್ರೈವರ್ ಇಲ್ಲದ ಕಾರ್ಡಿನಲ್ಲಿ ಇದು ಮಾಮೂಲಿ. ಸಿಸ್‌ಎಫ್‌ಎಸ್‌ನಲ್ಲಿ (ಲಿನಕ್ಸ್ ಹಾರ್ಡ್‌ವೇರನ್ನು ಫೈಲುಗಳಾಗಿ ತೋರಿಸುವ ಜಾಗ) ಆ ಕಾರ್ಡಿನ ಎನೇಬಲ್ ಫೈಲಿಗೆ 1 ಬರೆದರೆ ಮುಗಿಯಿತು.

ಆದರೆ ನಿಮ್ಮ ರೋಗ ಮುಂದಿನದು. ಬಿಟ್‌ಫೈಲ್ ಬದಲಾದಾಗ ಕಾರ್ಡಿನ ಸೆಟ್ಟಿಂಗ್ ಇಡುವ ಕಾನ್ಫಿಗ್ ರಿಜಿಸ್ಟರ್‌ಗಳೆಲ್ಲ ಹೊಸದಾಗಿ ಹುಟ್ಟುತ್ತವೆ. ಬೂಟ್ ಆಗುವಾಗ ಬಾರ್‌ಗೆ ಕೊಟ್ಟಿದ್ದ ಅಡ್ರೆಸ್ ಅಳಿಸಿಹೋಗುತ್ತದೆ. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಇದು ಗೊತ್ತಾಗುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ, ಹುಡುಗ ಕ್ಲಾಸಿನಲ್ಲಿಲ್ಲ. ಸೆಟ್‌ಪಿಸಿಐ ಆಜ್ಞೆಯಿಂದ ಕಾನ್ಫಿಗ್‌ನಲ್ಲಿ ಬಾರ್0 ಇರುವ ಹೆಕ್ಸ್ 10ನೇ ಆಫ್‌ಸೆಟ್ ಓದಿ. ಅಡ್ರೆಸ್ ಸೊನ್ನೆ ಬಂದರೆ ಇದೇ ಕತೆ. ಕಾರ್ಡಿನ ರಿಮೂವ್ ಫೈಲಿಗೆ 1, ಆಮೇಲೆ ಪಿಸಿಐ ಬಸ್ಸಿನ ರೀಸ್ಕ್ಯಾನ್ ಫೈಲಿಗೆ 1 ಬರೆಯಿರಿ. ಹೊಸ ಡಿಸೈನಿನಲ್ಲಿ ಬಾರ್ ಸೈಜ್ ಜಾಸ್ತಿ ಮಾಡಿದ್ದರೆ ಕಾರ್ಡನ್ನು ಪಿಸಿಗೆ ಜೋಡಿಸುವ ಮೇಲಿನ ಬ್ರಿಡ್ಜಿನಲ್ಲಿ ಅಡ್ರೆಸ್ ಜಾಗ ಸಾಲದೇ ಹೋಗಬಹುದು. ಆಗ ರೀಬೂಟ್ ಮಾಡಿ.

ಇಷ್ಟಾದರೂ ಎಫ್ ಬಂದರೆ ತಪ್ಪು ನಿಮ್ಮ ಲಾಜಿಕ್‌ನಲ್ಲಿದೆ. ಕಾರ್ಡ್ ಓದುವ ವಿನಂತಿಯನ್ನು ತೆಗೆದುಕೊಂಡು ಉತ್ತರ ಕೊಡದೆ ಕೂತಿದೆ. ಒಳಗಿನ ಬಸ್ಸಿಗೆ ಕ್ಲಾಕ್ ಬಂದಿಲ್ಲ, ಇಲ್ಲವೇ ಅದು ರಿಸೆಟ್‌ನಿಂದ ಹೊರಗೆ ಬಂದಿಲ್ಲ. ಇದನ್ನು ಗುರುತಿಸಲು ನಾನು ಒಂದು ರೀಡ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುತ್ತೇನೆ. ಅಡ್ರೆಸನ್ನು ಯಾರೂ ತಮ್ಮದು ಅನ್ನದಿದ್ದರೆ ಎಫ್ ತಕ್ಷಣ ಬರುತ್ತದೆ. ತೆಗೆದುಕೊಂಡು ಸುಮ್ಮನಾದರೆ ಕಂಪ್ಲೀಷನ್ ಟೈಮ್‌ಔಟ್ ಆಗುವವರೆಗೆ ಕಾಯಬೇಕು. ಅದರ ಡೀಫಾಲ್ಟ್ 50 ಮೈಕ್ರೊಸೆಕೆಂಡಿನಿಂದ 50 ಮಿಲಿಸೆಕೆಂಡ್ ಒಳಗೆ ಎಲ್ಲೋ ಇರುತ್ತದೆ. ಕೆಲವು ಪಿಸಿ ಆಗ ಪೂರ್ತಿ ನಿಂತೇಹೋಗುತ್ತವೆ. ಅದಕ್ಕೇ ಟೆಸ್ಟಿಗೆ ಬೇರೆ ಮಶೀನ್ ಇಟ್ಟುಕೊಳ್ಳಿ ಅಂತ ಬಡಿದುಕೊಳ್ಳುವುದು.

ಬರೆಯುವಾಗ ಎರರ್ ಬರಲಿಲ್ಲ ಅನ್ನುವುದನ್ನು ಮರೆತುಬಿಡಿ. ಮೆಮೊರಿ ರೈಟ್‌ಗೆ ಉತ್ತರವೇ ಇರುವುದಿಲ್ಲ. ಡಬ್ಬಿಗೆ ಹಾಕಿದ ಕಾಗದ ಇದ್ದಂತೆ, ಮುಟ್ಟಿತೋ ಇಲ್ಲವೋ ಓದಿಯೇ ತಿಳಿಯಬೇಕು. ಆಫ್‌ಸೆಟ್ 0ಯಲ್ಲಿ ಬದಲಾಗದ ಒಂದು ಗುರುತಿನ ಸಂಖ್ಯೆ ಇಡಿ, ಪಕ್ಕದಲ್ಲಿ ಬರೆದು ಓದಲು ಒಂದು ಖಾಲಿ ರಿಜಿಸ್ಟರ್ ಇಡಿ. ಇವೆರಡು ಸರಿ ಬರುವ ತನಕ ದೊಡ್ಡ ಮೆಮೊರಿ ಟೆಸ್ಟ್ ಓಡಿಸಬೇಡಿ. ನಾನೇ ಒಮ್ಮೆ ಎರಡು ದಿನ ಕೂತು ಒಂದು ಬೋರ್ಡಿನ ರೆಸಿಸ್ಟರ್‌ಗಳನ್ನೆಲ್ಲ ಕಿತ್ತು ಹಾಕಿದ್ದೇನೆ. ಕೊನೆಗೆ ಮಾಡಬೇಕಾಗಿದ್ದು ಒಂದು ರೀಸ್ಕ್ಯಾನ್. ಆ ಬೋರ್ಡ್ ಈಗಲೂ ನನ್ನ ಮೇಜಿನ ಮೇಲಿದೆ.

ಪ್ರಶ್ನೆ: ಪಿಸಿಯ ಎಲ್ಲ ಅಡ್ರೆಸುಗಳಿಗೂ ದಾರಿಯಾದ ಡೆವ್‌ಮೆಮ್ ಫೈಲಿನಿಂದ ಓದಲು ಬಿಡುತ್ತಿಲ್ಲ. ಕರ್ನಲ್‌ನ ರಕ್ಷಣೆಯನ್ನೆಲ್ಲ ತೆಗೆದು ಕಂಪೈಲ್ ಮಾಡಿ ಅಂತ ಒಂದು ವಿಡಿಯೊದಲ್ಲಿ ಹೇಳಿದ್ದಾರೆ.

ಆ ವಿಡಿಯೊದವರು ನಿಮ್ಮ ಡಿಸ್ಕ್ ಹಾಳಾದರೆ ಬರುತ್ತಾರಾ? ಡೆವ್‌ಮೆಮ್‌ನಲ್ಲಿ ಒಂದು ಅಂಕೆ ತಪ್ಪಿದರೆ ನೀವು ಬರೆಯುವುದು ಬೇರೆ ಕಾರ್ಡಿಗೆ. ರಿಸೋರ್ಸ್0 ಬಳಸಿ, ಅದು ನಿಮ್ಮ ಬಾರ್ ದಾಟಿ ಹೋಗಲು ಬಿಡುವುದಿಲ್ಲ. ಸೆಕ್ಯೂರ್ ಬೂಟ್‌ನಿಂದ (ಸಹಿ ಇರುವ ಸಾಫ್ಟ್‌ವೇರನ್ನು ಮಾತ್ರ ಬೂಟ್ ಮಾಡುವ ಸೆಟ್ಟಿಂಗ್) ಕರ್ನಲ್ ಲಾಕ್‌ಡೌನ್ ಆಗಿದ್ದರೆ ಅದೂ ನಡೆಯುವುದಿಲ್ಲ. ಸೆಕ್ಯೂರ್ ಬೂಟನ್ನು ಟೆಸ್ಟ್ ಮಶೀನಿನಲ್ಲಿ ಮಾತ್ರ ಆಫ್ ಮಾಡಿ, ಆಫೀಸ್ ಲ್ಯಾಪ್‌ಟಾಪಿನಲ್ಲಿ ಅಲ್ಲ.

ಪ್ರಶ್ನೆ: ರಿಸೋರ್ಸ್0 ಫೈಲನ್ನು ಕ್ಯಾಟ್ ಆಜ್ಞೆಯಿಂದ ಓದಿದರೆ ಇನ್‌ಪುಟ್ ಔಟ್‌ಪುಟ್ ಎರರ್.

ಮೆಮೊರಿ ಬಾರ್‌ಗೆ ಎಂಮ್ಯಾಪ್ ಒಂದೇ ದಾರಿ.

ಪ್ರಶ್ನೆ: ಬಾರ್ ಪೂರ್ತಿ ಡಂಪ್ ಮಾಡಿದ ಮೇಲೆ ಫಿಫೊ (ಡೇಟಾ ಬಂದ ಕ್ರಮದಲ್ಲೇ ಹೊರಬರುವ ಸಾಲು) ಖಾಲಿಯಾಗಿದೆ, ಇಂಟರಪ್ಟ್ (ಕಾರ್ಡ್ ಪಿಸಿಯನ್ನು ಕರೆಯುವ ಸಂಕೇತ) ಬಿಟ್ ಕೂಡ ಅಳಿಸಿಹೋಗಿದೆ.

ನೀವೇ ಓದಿ ಖಾಲಿ ಮಾಡಿದ್ದೀರಿ. ಇದು ರ್‍ಯಾಮ್ ಅಲ್ಲ, ಓದುವುದೂ ಒಂದು ಕೆಲಸವೇ. ಪ್ರೀಫೆಚಬಲ್ (ಮುಂಚೆಯೇ ಓದಿಟ್ಟುಕೊಂಡರೂ ತೊಂದರೆಯಿಲ್ಲ) ಅಂತ ಬಾರ್‌ನಲ್ಲಿ ಗುರುತು ಹಾಕಿದ್ದರೆ ಅದನ್ನೂ ತೆಗೆಯಿರಿ.

ಪ್ರಶ್ನೆ: ಓದುವ ವೇಗ ಸೆಕೆಂಡಿಗೆ 4 ಎಂಬಿ ಅಷ್ಟೇ. ಸ್ಲಾಟ್ ಹಾಳಾಗಿದೆಯಾ?

ಒಂದೊಂದು ರೀಡ್ ಹೋಗಿಬರಲು ಸುಮಾರು ಒಂದು ಮೈಕ್ರೊಸೆಕೆಂಡ್, ಪ್ರತಿ ಸಲ 4 ಬೈಟ್. ಲೆಕ್ಕ ಸರಿಯಾಗಿಯೇ ಇದೆ. ವೇಗ ಬೇಕಿದ್ದರೆ ಡಿಎಂಎ (ಕಾರ್ಡೇ ನೇರವಾಗಿ ಪಿಸಿಯ ಮೆಮೊರಿಗೆ ಡೇಟಾ ಸಾಗಿಸುವುದು) ಬರೆಯಿರಿ.

ಪ್ರಶ್ನೆ: ಕಾರ್ಡಿನ ಚಿನ್ನದ ಕಾಂಟ್ಯಾಕ್ಟ್‌ಗಳನ್ನು ರಬ್ಬರಿನಿಂದ ಉಜ್ಜಿ ಅಂತ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಹೇಳಿದರು.

ಇದನ್ನು ಕೇಳಿ ಕೇಳಿ ಸಾಕಾಗಿದೆ. ನಿಕ್ಕಲ್ ಮೇಲೆ ತೆಳ್ಳಗೆ ಬಳಿದ ಚಿನ್ನ ಅದು, ಉಜ್ಜಿದಷ್ಟೂ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಕಾರ್ಡ್ ತೆಗೆಯುವ ಮುಂಚೆ ಪವರ್ ಕೇಬಲ್ ಕಿತ್ತುಹಾಕಿ. ಪಿಸಿ ಸ್ಲೀಪ್‌ನಲ್ಲಿತ್ತು ಸರ್ ಅಂತ ಆಮೇಲೆ ನನಗೆ ಬರೆಯಬೇಡಿ.