ಕಕ್ಕಡದ ಮಳೆಗೆ ಯಾವ ಸಿನಿಮಾ?

ಸೋಮವಾರಪೇಟೆಯ ಓದುಗರೇ,

ಕೊಡಗಿನ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಮನೆ ತುಂಬ ನೆಂಟರಿದ್ದಾಗ ‘ಶರಪಂಜರ’ ಹಾಕಿದಿರಿ. ಅರ್ಧ ಗಂಟೆಯೊಳಗೆ ಮಕ್ಕಳು ಮೊಬೈಲ್ ಹಿಡಿದರು, ಅತ್ತೆಯವರಿಗೆ ನಿದ್ದೆ ಬಂತು ಎಂದು ಬರೆದಿದ್ದೀರಿ. ಮತ್ತೆ ಮತ್ತೆ ನೋಡಬಹುದಾದ 20 ಚಿತ್ರಗಳ ಪಟ್ಟಿ ಕೇಳಿದ್ದೀರಿ. ಪಟ್ಟಿ ಕೊಟ್ಟರೆ ನಿಮ್ಮ ತೊಂದರೆ ತೀರುವುದಿಲ್ಲ. ಚಿತ್ರದ ಆಯ್ಕೆ ಸರಿಯಾಗಿಯೇ ಇತ್ತು. ‘ಚೆನ್ನಾಗಿದೆ, ನೋಡಿ’ ಎಂದಷ್ಟೇ ಹೇಳಿ ಕೂರಿಸಿದರೆ ಯಾರೂ ಕೂರುವುದಿಲ್ಲ. ಏನನ್ನು ನೋಡಬೇಕೆಂಬ ಒಂದು ಎಳೆಯನ್ನು ಮೊದಲೇ ಕೈಗೆ ಕೊಡಬೇಕು.

ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ತೆಗೆದ ಆ ಚಿತ್ರವನ್ನೇ ನೋಡೋಣ. ಮೊದಲ ಸಲ ಎಲ್ಲರ ಕಣ್ಣೂ ನಾಯಕಿ ಕಾವೇರಿಯಾಗಿ ನಟಿಸಿದ ಕಲ್ಪನಾ ಮೇಲೆ. ಎರಡನೇ ಸಲ ಆಕೆಯನ್ನು ಬಿಟ್ಟು ಸುತ್ತಲಿನವರನ್ನು ಗಮನಿಸಿ. ಮಾನಸಿಕ ಕಾಯಿಲೆ ಗುಣವಾಗಿ ಆಸ್ಪತ್ರೆಯಿಂದ ಮನೆಗೆ ಬಂದ ಕಾವೇರಿ ಸ್ವಲ್ಪ ಜೋರಾಗಿ ಮಾತಾಡಿದರೂ ಅವರ ಮುಖ ಹೇಗಾಗುತ್ತದೆ ನೋಡಿ. ಆಮೇಲೆ ‘ಕೊಡಗಿನ ಕಾವೇರಿ’ ಹಾಡನ್ನು ಇನ್ನೊಮ್ಮೆ ಹಾಕಿ. ನಮ್ಮ ನಾಡಿನ ಹಾಡೆಂಬ ಅಭಿಮಾನದಿಂದ ಅದನ್ನು ಎಷ್ಟೋ ಸಲ ಕೇಳಿದ್ದೇವೆ. ಇಷ್ಟು ಕೊಂಡಾಡುವ ಗಂಡನೇ ಮುಂದೆ ಕೈಬಿಡುತ್ತಾನೆಂದು ಗೊತ್ತಿದ್ದು ಕೇಳಿದರೆ ಕರುಳು ಹಿಂಡುತ್ತದೆ. ಮಕ್ಕಳಿಗೆ ಒಂದೇ ಮಾತು ಹೇಳಿ: ‘ಗುಣವಾಗಿ ಬಂದ ಇವಳನ್ನು ನಂಬುವವರು ಎಷ್ಟು ಜನ, ಎಣಿಸಿ.’

ಹಿರಿಯರಿಗೆ ‘ಮುತ್ತಿನ ಹಾರ’ (1990). ರಾಜೇಂದ್ರಸಿಂಗ್ ಬಾಬು ಅವರ ಈ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ ಅಚ್ಚಪ್ಪ. ಯುದ್ಧಕ್ಕಿಂತ, ಅವನು ಊರಿಗೆ ಬಂದು ಹೋಗುವಾಗ ಹೆಂಡತಿಯಾಗಿ ನಟಿಸಿದ ಸುಹಾಸಿನಿಯವರ ಮುಖ ನೋಡಿ. ಒಂದು ಎಚ್ಚರಿಕೆ ಮಾತ್ರ ಬೇಕೇ ಬೇಕು. ಸೇನೆಯಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡ ಮನೆಗಳು ನಮ್ಮಲ್ಲಿ ಇವೆ. ಅಂಥವರಿಗೆ ಕಥೆ ಮೊದಲೇ ಹೇಳಿ, ಕೇಳಿಕೊಂಡು ಹಾಕಿ.

ಹೊರ ಊರಿನ ಹುಡುಗರಿಗೆ ‘ಮುಂಗಾರು ಮಳೆ’ (2006) ಸಾಕು. ಕಥೆ ಮಡಿಕೇರಿಯದಾದರೂ ಜಲಪಾತ ಶಿವಮೊಗ್ಗ ಜಿಲ್ಲೆಯ ಜೋಗದ್ದು ಎಂದು ತಿಳಿಸಿ.

ನಿಮ್ಮ ಅತ್ತೆಯವರ ನಿದ್ದೆಗೆ ಮಳೆಯ ಸದ್ದೂ ಕಾರಣವಿರಬಹುದು. ಶೀಟಿನ ಮೇಲೆ ಮಳೆ ಹೊಡೆಯುವಾಗ ಹಳೆಯ ಚಿತ್ರದ ಮಾತು ಕೇಳಿಸುವುದೇ ಇಲ್ಲ. ವಾಲ್ಯೂಮ್ ಏರಿಸಿದರೆ ವಾದ್ಯದ ಸದ್ದೂ ಜೊತೆಗೇ ಏರುತ್ತದೆ. ಸೌಂಡ್ ಸೆಟ್ಟಿಂಗ್‌ನಲ್ಲಿ ಬಾಸ್ ಇಳಿಸಿ, ಟ್ರೆಬಲ್ ಸ್ವಲ್ಪ ಏರಿಸಿ. ಸಣ್ಣ ಸ್ಪೀಕರ್ ಇದ್ದರೆ ಅವರ ಕುರ್ಚಿಯ ಪಕ್ಕಕ್ಕೇ ಇಡಿ. ಮುಖಗಳು ಅಗಲವಾಗಿ, ಕುಳ್ಳಗೆ ಕಂಡರೆ ಟಿವಿ ಚಿತ್ರವನ್ನು ಎಳೆದು ತೋರಿಸುತ್ತಿದೆ ಎಂದರ್ಥ. ಪಿಕ್ಚರ್ ಸೈಜ್ 4:3 ಮಾಡಿ. ಎರಡು ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ. ಝೂಮ್ ಮಾಡಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ.

ಕರೆಂಟ್ ಹೋದಾಗ ಟಿವಿ ಇನ್ವರ್ಟರ್‌ನಲ್ಲಿ ನಡೆದರೂ ಮೋಡೆಮ್ ಆರಿದರೆ ಚಿತ್ರ ನಿಲ್ಲುತ್ತದೆ. ಎರಡನ್ನೂ ಅದೇ ಲೈನಿಗೆ ಹಾಕಿ, ಇಲ್ಲವೇ ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಡಿ. ಕಾಫಿಯನ್ನು ಮಧ್ಯಂತರಕ್ಕೇ ಕೊಡಿ. ಈ ಚಿತ್ರಗಳನ್ನು ಅಲ್ಲಿ ನಿಲ್ಲುವಂತೆಯೇ ಕಟ್ಟಿದ್ದಾರೆ. ನಡುವೆ ಬೇರೆಲ್ಲಿ ನಿಲ್ಲಿಸಿದರೂ ಎದ್ದವರು ವಾಪಸ್ ಬರುವುದಿಲ್ಲ.

– ಸಂಪಾದಕ