ಆನೆಗಿಂತ ಬಸ್ಸಿಗೆ ಹೆದರುವ ತಮ್ಮ

ದಕ್ಷಿಣ ಕೊಡಗಿನ ಒಬ್ಬ ಅಕ್ಕ ಬರೆದ ಪತ್ರ ಇದು. ಓದಿದ ಮೇಲೆ ಈ ವಾರ ಬೇರೆ ಪತ್ರ ಕೈಗೆತ್ತಿಕೊಳ್ಳಲು ಮನಸ್ಸಾಗಲಿಲ್ಲ. ಹೆಸರು, ಊರು, ತೋಟದ ಗುರುತು ಎಲ್ಲ ತೆಗೆದಿದ್ದೇನೆ.

ಈಕೆಗೆ 23 ವರ್ಷ. ಮಡಿಕೇರಿ ಹತ್ತಿರದ ಹೋಂಸ್ಟೇ ಒಂದರಲ್ಲಿ ಕೆಲಸ. ಅಪ್ಪ ಅಮ್ಮ ಕಾಫಿ ತೋಟದಲ್ಲಿ ಕೂಲಿ ಮಾಡುತ್ತಾರೆ, ಅದೇ ತೋಟದವರು ಕೂಲಿಯವರಿಗೆ ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ವಾಸ. ಯರವ ಅನ್ನುವ ಆದಿವಾಸಿ ಸಮುದಾಯದ ಕುಟುಂಬ. ತಮ್ಮ 9ನೇ ಕ್ಲಾಸು. ಜೂನ್‌ನಲ್ಲಿ ಶಾಲೆ ಶುರುವಾದಾಗಿನಿಂದ ಬಸ್ಸಿನಲ್ಲಿ ಐದಾರು ಹುಡುಗರು ಅವನ ಬೆನ್ನು ಬಿದ್ದಿದ್ದಾರೆ. ಜಾತಿ ಹೆಸರು ಹಿಡಿದು ಕರೆಯುತ್ತಾರೆ. ಸೀಟು ಖಾಲಿ ಇದ್ದರೂ ಕೂರಲು ಬಿಡುವುದಿಲ್ಲ. ಮನೆಮಾತಿನಲ್ಲಿ ಮಾತಾಡು ಅಂತ ಪೀಡಿಸಿ, ವಿಡಿಯೊ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ. ಒಂದು ದಿನ ಬ್ಯಾಗನ್ನೇ ಕಿಟಕಿಯಿಂದ ಹೊರಗೆ ಎಸೆದಿದ್ದಾರೆ. ಗುಂಪಿನ ಮುಂದಾಳು ಡಿಗ್ರಿ ಓದುವವನು, ಉಳಿದವರು ಹೈಸ್ಕೂಲು, ಪಿಯುಸಿ ಹುಡುಗರು. ಅಪ್ಪ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಹತ್ತಿರ ಹೇಳಿಕೊಂಡರೆ, "ಮಕ್ಕಳಾಟ ಅದು, ಸುಮ್ನೆ ದೊಡ್ಡದು ಮಾಡಬೇಡ" ಅಂದರಂತೆ.

ಅಕ್ಕನ ಪ್ರಶ್ನೆ ಇಷ್ಟು. ತಮ್ಮನನ್ನು ಈ ಶಾಲೆ ಬಿಡಿಸಿ ದೂರದ ಹಾಸ್ಟೆಲಿಗೆ ಹಾಕಲಾ, ಇಲ್ಲಾ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಸಹಿಸಿಕೋ ಅಂತ ಹೇಳಲಾ?

ತಂಗೀ, ಈ ಪ್ರಶ್ನೆಗೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರದ ಕೊನೆಯ ಪುಟದಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಒಂದು ಸಾಲಿದೆ. "ಕಂಡಕ್ಟರ್ ಅವನಿಗೆ ಮುಂದಿನ ಬಸ್ಸಿಗೆ ಬಾ ಅಂದಿದ್ದಾರೆ, ಅದು ತಡ, ಹಾಗಾಗಿ ಈಗ ತೋಟದ ಒಳದಾರಿಯಲ್ಲಿ ನಡೆದೇ ಹೋಗುತ್ತಾನೆ, ಅದೊಂದು ಸಮಾಧಾನ."

ಸಮಾಧಾನವಾ? ಇದು ಜುಲೈ. ಹಲಸು ಹಣ್ಣಾಗುವ ಕಾಲ. ಹಲಸಿನ ವಾಸನೆಗೆ ಆನೆಗಳು ತೋಟದೊಳಗೇ ಇರುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಳಿಗ್ಗೆ ಏಳು ಗಂಟೆಗೂ ಮಂಜು ಇಳಿದಿರುತ್ತದೆ, ಕಾಫಿ ಗಿಡದ ಸಾಲಿನಾಚೆ ಏನಿದೆ ಅಂತ ಕಾಣುವುದಿಲ್ಲ. ಬೇಸಿಗೆಯಲ್ಲಾದರೆ ಕೊಂಬೆ ಮುರಿಯುವ ಸದ್ದು ಕೇಳುತ್ತದೆ. ಈ ಮಳೆಯಲ್ಲಿ, ಕೊಡೆಯ ಮೇಲೆ ಹನಿ ಬೀಳುವ ಸದ್ದಿನಲ್ಲಿ, ಏನು ಕೇಳೀತು? ದೊಡ್ಡವರೇ ಒಬ್ಬೊಬ್ಬರೇ ಹೋಗಲು ಹಿಂಜರಿಯುವ ದಾರಿ. ಹಸಿ ಲದ್ದಿ ಕಂಡರೆ ಕೂಲಿಯವರು ಆ ಬ್ಲಾಕಿಗೇ ಕಾಲಿಡುವುದಿಲ್ಲ. ಕೊಡಗಿನ ತೋಟಗಳಲ್ಲಿ ಆನೆ ತುಳಿತಕ್ಕೆ ಸತ್ತವರಲ್ಲಿ ಎಷ್ಟೋ ಜನ ಕೆಲಸಕ್ಕೆ ನಡೆದು ಹೋಗುತ್ತಿದ್ದ ಬಡವರೇ.

ಆ ದಾರಿಯನ್ನು ನಿಮ್ಮ ತಮ್ಮ ದಿನಾ ಎರಡು ಸಲ ಒಬ್ಬನೇ ನಡೆಯುತ್ತಿದ್ದಾನೆ. ಆನೆ ಅಂದರೆ ಏನು ಅಂತ ಗೊತ್ತಿರುವ ಹುಡುಗ. ಗೊತ್ತಿದ್ದೂ ಬಸ್ಸಿಗಿಂತ ಅದೇ ವಾಸಿ ಅಂದುಕೊಂಡಿದ್ದಾನೆ. ಆ ಬಸ್ಸಿನೊಳಗೆ ಅವನಿಗೆ ಏನಾಗಿದೆ ಅಂತ ತಿಳಿಯಲು ಇದಕ್ಕಿಂತ ಜಾಸ್ತಿ ಏನೂ ಬೇಕಿಲ್ಲ.

ಇನ್ನು ಆ ಕಂಡಕ್ಟರ್. ನಿಮ್ಮ ಪತ್ರದಲ್ಲಿ ಅವರ ಮೇಲೆ ಒಂದು ದೂರೂ ಇಲ್ಲ. "ಗಲಾಟೆ ಆಗದಿರಲಿ ಅಂತ ಹೇಳಿದ್ದಾರೆ, ಒಳ್ಳೆಯವರು" ಅಂತ ಬೇರೆ ಬರೆದಿದ್ದೀರಿ. ನನಗೆ ಆ ಹುಡುಗರಿಗಿಂತ ಜಾಸ್ತಿ ಸಿಟ್ಟು ಬಂದದ್ದು ಇವರ ಮೇಲೆ. ಬಸ್ಸಿನಲ್ಲಿದ್ದ ಒಬ್ಬನೇ ಜವಾಬ್ದಾರಿ ಮನುಷ್ಯ. ಎಲ್ಲ ಕಣ್ಣಾರೆ ನೋಡಿದ್ದಾರೆ. ಒಂದು ಸೀಟಿ ಊದಿ ಬಸ್ಸು ನಿಲ್ಲಿಸಿ, "ಇನ್ನೊಂದು ಸಲ ಬಾಯಿ ಬಿಟ್ಟರೆ ಇಳಿಸುತ್ತೇನೆ" ಅಂದಿದ್ದರೆ ಜೂನ್‌ನಲ್ಲೇ ಮುಗಿಯುತ್ತಿತ್ತು. ಅವರು ಇಳಿಸಿದ್ದು ಏಟು ತಿಂದವನನ್ನು. ಈ ಅಂಕಣದಲ್ಲಿ ಮತ್ತೆ ಮತ್ತೆ ಬರೆಯುತ್ತೇನೆ, ಇವತ್ತೂ ಬರೆಯುತ್ತೇನೆ. ಇಂಥದ್ದು ಬೆಳೆಯುವುದು ಮಾಡುವವರಿಂದಲ್ಲ, ನೋಡುತ್ತಾ ಕೂತವರಿಂದ. ಮಾಡುವವರು ಎಲ್ಲ ಕಾಲದಲ್ಲೂ ನಾಲ್ಕೈದು ಜನ. ಬಸ್ಸಿನಲ್ಲಿ ಐವತ್ತು ಜನ ಇದ್ದರಲ್ಲ!

ನಿಮ್ಮ ಅಪ್ಪ ಅಮ್ಮನ ಮೇಲೆ ಮಾತ್ರ ನನಗೆ ಒಂದಿಷ್ಟೂ ಬೇಜಾರಿಲ್ಲ. ನೀವೂ ಬೇಜಾರು ಮಾಡಿಕೊಳ್ಳಬೇಡಿ. ಕೆಲಸವೂ ತೋಟದವರದ್ದು, ತಲೆ ಮೇಲಿನ ಸೂರೂ ತೋಟದವರದ್ದು. ಕೆಲಸ ಹೋದರೆ ಅದೇ ದಿನ ಮನೆಯೂ ಹೋಗುತ್ತದೆ. ತಲೆತಲಾಂತರದಿಂದ ಬೇರೆಯವರ ಗದ್ದೆ ತೋಟದಲ್ಲಿ ಜೀತ ಮಾಡಿದ ಜನ. ಅವರು ಸುಮ್ಮನಿದ್ದಾರೆ ಅಂದರೆ ನೋವಾಗಿಲ್ಲ ಅಂತ ಅಲ್ಲ.

ಆದರೆ ಮಕ್ಕಳಾಟ ಅಂದ ರೈಟರ್‌ಗೆ ಒಂದು ವಿಷಯ ತಿಳಿಸಿ. ಯರವರು ಪರಿಶಿಷ್ಟ ಪಂಗಡ. ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವರು ನಾಲ್ಕು ಜನರ ಎದುರು ಜಾತಿ ಹೆಸರು ಹಿಡಿದು ಬೈದರೆ, ಬೇಕಂತಲೇ ಅವಮಾನ ಮಾಡಿದರೆ, ಅದು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ. 6 ತಿಂಗಳಿಂದ 5 ವರ್ಷದವರೆಗೆ ಜೈಲು. ಬಸ್ಸಿಗಿಂತ ನಾಲ್ಕು ಜನರ ಎದುರಿನ ಜಾಗ ಯಾವುದಿದೆ? ದೂರು ಕೊಟ್ಟರೆ ಮೊದಲು ವಿಚಾರಿಸಿ ನೋಡುತ್ತೇವೆ ಅಂತ ಸ್ಟೇಷನ್‌ನವರು ಹೇಳುವ ಹಾಗಿಲ್ಲ. 2018ರ ತಿದ್ದುಪಡಿ ಪ್ರಕಾರ ನೇರವಾಗಿ ಎಫ್‌ಐಆರ್ ಹಾಕಬೇಕು. ತನಿಖೆ ಮಾಡಬೇಕಾದವರು ಡಿವೈಎಸ್‌ಪಿ. ಇದಕ್ಕೆ ಮನೆ ಖಾಲಿ ಮಾಡಿಸುತ್ತೇವೆ, ಕೆಲಸಕ್ಕೆ ಕರೆಯುವುದಿಲ್ಲ ಅಂತ ಯಾರಾದರೂ ಹೆದರಿಸಿದರೆ ಅದೂ ಇದೇ ಕಾಯ್ದೆಯಲ್ಲಿ ಬೇರೆ ಅಪರಾಧ.

ಆ ಡಿಗ್ರಿ ಹುಡುಗನಿಗೆ 18 ತುಂಬಿದ್ದರೆ ಕಾನೂನು ಪೂರ್ತಿ ಅನ್ವಯಿಸುತ್ತದೆ. ಅವನ ಬಗ್ಗೆ ನನಗೆ ಕನಿಕರ ಇಲ್ಲ. 18 ತುಂಬದ ಹುಡುಗರ ವಿಷಯ ಬೇರೆ. ಅವರ ಪ್ರಕರಣ ಹೋಗುವುದು ಬಾಲ ನ್ಯಾಯ ಮಂಡಳಿಗೆ. ಅಲ್ಲಿ ಜೈಲಿಲ್ಲ, ತಿದ್ದುವ ಕೆಲಸ ನಡೆಯುತ್ತದೆ. ನಡೆಯಲಿ. ಒಬ್ಬ ದೊಡ್ಡವನ ಹಿಂದೆ ಕುಣಿಯುವ ಮಕ್ಕಳು, ಅವನು ಹೋದರೆ ಅರ್ಧ ಜನ ತಾವಾಗಿಯೇ ಸುಮ್ಮನಾಗುತ್ತಾರೆ.

ವಿಡಿಯೊ ಬಗ್ಗೆ ಒಂದು ಎಚ್ಚರಿಕೆ. ಗ್ರೂಪಿನ ಹೆಸರು, ಹಾಕಿದವರ ನಂಬರ್, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನ್ಯಾಯ ಸಿಗಲಿ ಅಂತ ನೀವೇ ಅದನ್ನು ಫೇಸ್‌ಬುಕ್‌ಗೆ ಹಾಕಬೇಡಿ, ಯಾರಿಗೂ ಫಾರ್ವರ್ಡ್ ಮಾಡಬೇಡಿ. ತೊಂದರೆಗೊಳಗಾದ ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆ ಪ್ರಕಾರ ತಪ್ಪು. ಅದಕ್ಕಿಂತ ಹೆಚ್ಚಾಗಿ ನಿಮ್ಮ ತಮ್ಮನಿಗೆ ಅದನ್ನು ಇನ್ನೊಂದು ಸಲ ಎಲ್ಲರೂ ನೋಡುವುದು ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಹಾಸ್ಟೆಲ್ ಬೇಡ. ಹಾಸ್ಟೆಲ್ ಕೆಟ್ಟದ್ದು ಅಂತ ಅಲ್ಲ, ಎಷ್ಟೋ ಯರವ, ಜೇನುಕುರುಬ ಮಕ್ಕಳು ಆಶ್ರಮ ಶಾಲೆ, ಹಾಸ್ಟೆಲ್‌ಗಳಲ್ಲಿ ಓದಿ ಮುಂದೆ ಬಂದಿದ್ದಾರೆ. ಆದರೆ ಓದಲು ಹೋಗುವುದು ಬೇರೆ, ಓಡಿ ಹೋಗುವುದು ಬೇರೆ. ಈಗ ಕಳಿಸಿದರೆ ಅವನು ಅರ್ಥ ಮಾಡಿಕೊಳ್ಳುವುದು ಒಂದೇ: ತಪ್ಪು ನನ್ನಲ್ಲಿತ್ತು, ಅದಕ್ಕೇ ನನ್ನನ್ನು ಕಳಿಸಿದರು. ಸಹಿಸಿಕೋ ಅನ್ನುವುದೂ ಬೇಡ. ಅವನು ಆಗಲೇ ಸಾಕಷ್ಟು ಸಹಿಸಿದ್ದಾನೆ. ಅಂದಹಾಗೆ, ಏನು ಮಾಡೋಣ ಅಂತ ಅವನನ್ನು ಕೇಳಿದ್ದೀರಾ? ಪತ್ರದಲ್ಲಿ ಅವನ ಒಂದು ಮಾತೂ ಇಲ್ಲ. ಈ ಶನಿವಾರ ಊರಿಗೆ ಹೋದಾಗ ಮೊದಲು ಕೇಳಿ. ನಿಮ್ಮ ಭಾಷೆಯಲ್ಲೇ ಕೇಳಿ. ಅವನು ಅದರಲ್ಲೇ ಉತ್ತರ ಕೊಡಲಿ. ನಾಚಿಕೆಯಿಂದ ಅವನು ಆ ಮಾತನ್ನೇ ಬಿಟ್ಟುಬಿಡಬಾರದು. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ 14416ಕ್ಕೆ ಫೋನ್ ಮಾಡಿಸಿ. ಟೆಲಿ ಮಾನಸ್ ಅಂತ, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ನಾನು ಹೇಳುವುದು ಒಂದೇ ಕೆಲಸ. ಸೋಮವಾರ ಬೆಳಿಗ್ಗೆ ನಿಮ್ಮ ತಮ್ಮ ಅದೇ ಬಸ್ಸು ಹತ್ತಬೇಕು, ಅವನ ಜೊತೆ ನೀವೂ ನಿಮ್ಮ ಲೈನಿನ ಮೂರು ನಾಲ್ಕು ಜನ ದೊಡ್ಡವರೂ ಹತ್ತಬೇಕು.

ಜಗಳ ಬೇಡ, ಬೈಗುಳ ಬೇಡ. ಟಿಕೆಟ್ ತೆಗೆದುಕೊಂಡು ಅವನನ್ನು ನಡುವೆ ಕೂರಿಸಿಕೊಂಡು ಶಾಲೆಯ ಗೇಟಿನವರೆಗೆ ಹೋಗಿ. ಸಂಜೆಯೂ ಯಾರಾದರೂ ಇರಲಿ. ನಿಮ್ಮ ಲೈನಿನಲ್ಲಿ ಎಂಟು ಮನೆ, ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ ಅಂತ ಬರೆದಿದ್ದೀರಿ. ಯಾರಾದರೂ ಅವರನ್ನು ಕರೆದಿದ್ದಾರಾ? ನೀವು ಕರೆಯಿರಿ. ಆ ಎಂಟು ಮನೆಯಲ್ಲೂ ಶಾಲೆಗೆ ಹೋಗುವ, ನಾಳೆ ಹೋಗಲಿರುವ ಮಕ್ಕಳಿದ್ದಾರೆ ಅಲ್ವಾ? ಕೆಲಸಕ್ಕೆ ಹೋಗುವ ಹೊತ್ತು ಅದು, ಅರ್ಧ ದಿನದ ಕೂಲಿ ಹೋಗುತ್ತದೆ, ನನಗೆ ಗೊತ್ತು. ಅದಕ್ಕೇ ಸರದಿ ಮಾಡಿಕೊಳ್ಳಿ, ಒಂದೇ ಮನೆಯ ಮೇಲೆ ಬೀಳದಿರಲಿ. ಇದು ಆಗದ ಮಾತಲ್ಲ. 2016ರ ಡಿಸೆಂಬರ್‌ನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಅರಣ್ಯ ಇಲಾಖೆಯವರು ಕೆಡವಿದಾಗ, ಲೈನ್ ಮನೆ ಬಿಟ್ಟು ಬಂದು ಅಲ್ಲಿ ನೆಲೆಸಿದ್ದ ಜನ ಚಳಿಯಲ್ಲಿ ಒಟ್ಟಿಗೆ ಕೂತರು. ಕೊನೆಗೆ ಕುಶಾಲನಗರದ ಹತ್ತಿರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಜಾಗ ಕೊಡಬೇಕಾಯಿತು. ಒಬ್ಬೊಬ್ಬರಾಗಿ ಕೇಳಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇನ್ನೊಬ್ಬಳನ್ನು ಮರೆಯಬೇಡಿ. ಎಸೆದ ಬ್ಯಾಗನ್ನು ಮರುದಿನ ಅವನ ಕ್ಲಾಸಿನ ಹುಡುಗಿಯೊಬ್ಬಳು ಒರೆಸಿ ತಂದುಕೊಟ್ಟಳು ಅಂತ ಬರೆದಿದ್ದೀರಿ. ಅವಳು ನಿಮ್ಮ ಜಾತಿಯವಳಲ್ಲ, ನಿಮ್ಮ ಲೈನಿನವಳೂ ಅಲ್ಲ. ಐವತ್ತು ಜನರ ಬಸ್ಸಿನಲ್ಲಿ ಮನುಷ್ಯಳ ಹಾಗೆ ನಡೆದುಕೊಂಡವಳು ಅವಳೊಬ್ಬಳು. ಅವಳ ಮನೆಗೆ ಹೋಗಿ, ಅವಳ ಅಪ್ಪ ಅಮ್ಮನ ಎದುರು ಅವಳಿಗೆ ಥ್ಯಾಂಕ್ಸ್ ಹೇಳಿ. ಅವರಲ್ಲಿ ಒಬ್ಬರು ಸೋಮವಾರ ನಿಮ್ಮ ಜೊತೆ ಬಸ್ಸಿನಲ್ಲಿ ಕೂತರೆ ನೂರು ಆನೆ ಬಲ.

ಶಾಲೆ ಮುಟ್ಟಿದ ಮೇಲೆ ಹಾಗೇ ವಾಪಸ್ ಬರಬೇಡಿ. ಹೆಡ್‌ಮಾಸ್ಟರ್‌ಗೂ ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ ಅಧ್ಯಕ್ಷರಿಗೂ ದೂರು ಬರೆದು ಕೊಟ್ಟು, ನಕಲಿಗೆ ಸೀಲು ಹಾಕಿಸಿಕೊಳ್ಳಿ. ನನ್ನ ಹಳೆಯ ಓದುಗರಿಗೆ ಇದು ಬಾಯಿಪಾಠ: ಬಾಯಿಮಾತಿನ ದೂರು ದೂರೇ ಅಲ್ಲ. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗಿ. ಒಬ್ಬರೇ ಹೋಗಲು ಹೆದರಿಕೆಯಾದರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದವರು ನಿಮ್ಮಂಥವರಿಗೆ ಆದಾಯ ಕೇಳದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಬುಡಕಟ್ಟು ಜನರ ಅಭಿವೃದ್ಧಿ ನೋಡಿಕೊಳ್ಳುವ ಐಟಿಡಿಪಿ ಕಚೇರಿಗೂ ಒಂದು ಪ್ರತಿ ಹೋಗಲಿ. ಸಂಘಟನೆಯವರನ್ನೋ ವಕೀಲರನ್ನೋ ಜೊತೆಗೆ ಕರೆದುಕೊಂಡು ಹೋಗುವುದು ದೌರ್ಜನ್ಯ ತಡೆ ಕಾಯ್ದೆಯೇ ನಿಮಗೆ ಕೊಟ್ಟ ಹಕ್ಕು, ಯಾಕೆ ಬಂದರು ಇವರು ಅಂತ ಯಾರೂ ಕೇಳುವಂತಿಲ್ಲ. ತಮ್ಮನಿಗೆ 1098 ನಂಬರನ್ನು ಬಾಯಿಪಾಠ ಮಾಡಿಸಿ, ಅದು ಮಕ್ಕಳದ್ದೇ ಸಹಾಯವಾಣಿ.

ಬಸ್ಸಿನ ನಂಬರ್ ಬರೆದುಕೊಂಡು ಬನ್ನಿ. ಪಾಸು ಇರುವ ವಿದ್ಯಾರ್ಥಿಯನ್ನು ಹತ್ತಬೇಡ ಅಂದದ್ದಕ್ಕೆ ಮಡಿಕೇರಿಯ ಆರ್‌ಟಿಒ ಕಚೇರಿಗೆ ಒಂದು ಅರ್ಜಿ ಕೊಡಿ.

ಸೋಮವಾರ ರಜೆ ಬೇಕು ಅಂತ ಹೋಂಸ್ಟೇಯಲ್ಲಿ ಇವತ್ತೇ ಹೇಳಿಬಿಡಿ. ಬಸ್ಸು ಇಳಿದ ಮೇಲೆ ನನಗೆ ಬರೆಯಿರಿ. ನಿಮ್ಮನ್ನೆಲ್ಲ ನೋಡಿ ಆ ಕಂಡಕ್ಟರ್ ಏನಂದರು ಅನ್ನುವುದನ್ನೂ ಬರೆಯಿರಿ.