ಸಮಾಜ ವಿಜ್ಞಾನ ಅಂದರೆ ಬರೀ ಬಾಯಿಪಾಠನಾ? ಓದುಗರ ಪ್ರಶ್ನೆಗೆ ಹೈಸ್ಕೂಲ್ ಮೇಷ್ಟ್ರ ಉತ್ತರ

ಪ್ರಶ್ನೆ: ನನ್ನ ಮಗಳು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ, ರಾಜ್ಯ ಪಠ್ಯಕ್ರಮ. ಗಣಿತ, ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆಯುತ್ತಾಳೆ. ಸಮಾಜದ ಪುಸ್ತಕ ತೆಗೆದರೆ ಮುಖ ಸಿಂಡರಿಸುತ್ತಾಳೆ. "ಅದರಾಗ ಕಲಿಯೋದು ಏನೈತಿ ಅವ್ವಾ, ಇಸ್ವಿ, ಹೆಸರು, ಕಾರಣ ಬಾಯಿಪಾಠ ಮಾಡೋದು ಅಷ್ಟ" ಅನ್ನುತ್ತಾಳೆ. ಹೈಸ್ಕೂಲಿನ ಸಮಾಜದಲ್ಲಿ ಮಕ್ಕಳು ನಿಜವಾಗಿ ಏನು ಕಲಿಯುತ್ತಾರೆ? ಪಿಯುಸಿ ಓದಿದ ನಾನು ಮನೆಯಲ್ಲಿ ಹೇಗೆ ಸಹಾಯ ಮಾಡಲಿ? – ಒಬ್ಬ ತಾಯಿ, ಗದಗ

ಉತ್ತರ: ನಿಮ್ಮ ಮಗಳ ಸಿಟ್ಟು ಸುಳ್ಳಲ್ಲ. ಗೈಡ್ ಇಟ್ಟುಕೊಂಡು ಪ್ರಶ್ನೆ, ಉತ್ತರ ಅಂತ ಓದಿದರೆ ಸಮಾಜ ವಿಜ್ಞಾನ ಬರೀ ಪಟ್ಟಿಯಾಗಿಯೇ ಕಾಣುತ್ತದೆ. ಆದರೆ ಆ ಪುಸ್ತಕದಲ್ಲಿ ಇರುವುದು ಒಂದು ವಿಷಯವಲ್ಲ, ಆರು. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಎಂಟನೇ ಕ್ಲಾಸಿನ ಭೂಗೋಳದಲ್ಲಿ ಭೂಮಿ, ಅದರ ಶಿಲೆ, ಗಾಳಿ, ನೀರು. ಒಂಬತ್ತರಲ್ಲಿ ಕರ್ನಾಟಕದ ಭೂಗೋಳ, ಜೊತೆಗೆ ಸಂವಿಧಾನ, ಕೇಂದ್ರ ಮತ್ತು ರಾಜ್ಯ ಸರ್ಕಾರ, ನ್ಯಾಯಾಲಯ, ಚುನಾವಣೆ. ಹತ್ತರಲ್ಲಿ ಬ್ರಿಟಿಷರ ಆಳ್ವಿಕೆ, ಸ್ವಾತಂತ್ರ್ಯ ಹೋರಾಟ, ಭಾರತದ ಭೂಗೋಳ, ವಿದೇಶಾಂಗ ನೀತಿ, ಬಜೆಟ್ಟು, ಬ್ಯಾಂಕು. ಇಷ್ಟನ್ನೂ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಓದುವುದೇ ತೊಂದರೆಯ ಮೂಲ. ಒಂದು ಪಾಠ ಇನ್ನೊಂದಕ್ಕೆ ಎಲ್ಲಿ ತಾಗುತ್ತದೆ ಅಂತ ಗೊತ್ತಾದರೆ ಅರ್ಧ ಬಾಯಿಪಾಠ ತಾನಾಗಿಯೇ ಕಡಿಮೆಯಾಗುತ್ತದೆ.

ನೀವು ಗದಗದವರು. ಹಾಗಾಗಿ ನಿಮ್ಮೂರಿನಿಂದಲೇ ತೋರಿಸುತ್ತೇನೆ.

ಭೂಗೋಳದಲ್ಲಿ ಕಪ್ಪು ಮಣ್ಣು ಅಂತ ಒಂದು ಪಾಠ ಇದೆ. ಅದು ನಿಮ್ಮ ಎರೆ ಹೊಲವೇ. ತೇವ ಹಿಡಿದಿಟ್ಟುಕೊಳ್ಳುವ ಮಣ್ಣು, ಬೇಸಿಗೆಯಲ್ಲಿ ಬಾಯಿ ಬಿಡುವ ಮಣ್ಣು, ಹತ್ತಿಗೆ ಹೇಳಿ ಮಾಡಿಸಿದ ಮಣ್ಣು. ಮಗಳು ಇದನ್ನು ಎರಡು ಅಂಕದ ಪ್ರಶ್ನೆ ಅಂತ ಓದಿ ಮುಂದೆ ಹೋಗುತ್ತಾಳೆ. ಈಗ ಇತಿಹಾಸಕ್ಕೆ ಬನ್ನಿ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಬೇಕಿತ್ತು. ಅದರಲ್ಲಿ ಹೆಚ್ಚಿನದು ಅಮೆರಿಕದಿಂದ ಬರುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು, ಹತ್ತಿ ಬರುವುದು ನಿಂತಿತು. ಗಿರಣಿ ಮಾಲೀಕರ ಕಣ್ಣು ಭಾರತದ ಹತ್ತಿಯ ಮೇಲೆ, ಅದರಲ್ಲೂ ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆಗ ಗದಗ ಧಾರವಾಡ ಜಿಲ್ಲೆಯಲ್ಲೇ ಇತ್ತು. ಹತ್ತಿ ಸಾಗಿಸೋಕೆ ಹತ್ತಿರದ ಬಂದರು ಕಾರವಾರ. ಆದರೆ ಕಾರವಾರ ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ, ಧಾರವಾಡ ಬೊಂಬಾಯಿ ಪ್ರಾಂತ್ಯದಲ್ಲಿ. 1862ರಲ್ಲಿ ಉತ್ತರ ಕನ್ನಡವನ್ನು ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆ ಈ ಹತ್ತಿಯ ಲೆಕ್ಕ ದೊಡ್ಡದಾಗಿತ್ತು. ಕನ್ನಡ ನಾಡು ಯಾಕೆ ಅಷ್ಟು ಆಡಳಿತಗಳಲ್ಲಿ ಹಂಚಿಹೋಗಿತ್ತು, 1956ರ ನವೆಂಬರ್ 1ರಂದು ಒಂದಾದದ್ದು ಯಾಕೆ ಅಷ್ಟು ದೊಡ್ಡ ಸಂಗತಿ ಅನ್ನುವುದು ಈ ಒಂದು ಜಿಲ್ಲೆಯ ಕಥೆಯಲ್ಲೇ ತಿಳಿಯುತ್ತದೆ.

1865ರಲ್ಲಿ ಆ ಯುದ್ಧ ಮುಗಿಯಿತು. ಅಮೆರಿಕದ ಹತ್ತಿ ಮತ್ತೆ ಮಾರುಕಟ್ಟೆಗೆ ಬಂತು, ಇಲ್ಲಿ ಬೆಲೆ ಕುಸಿಯಿತು. ಬೆಲೆ ಇದ್ದಾಗ ಧೈರ್ಯವಾಗಿ ಸಾಲ ಮಾಡಿದ ರೈತ ಸಾಹುಕಾರನ ಕೈಗೆ ಸಿಕ್ಕಿಬಿದ್ದ. ಪುಣೆ, ಅಹ್ಮದ್‌ನಗರದ ಕಡೆ 1875ರಲ್ಲಿ ರೈತರು ಸಾಲಪತ್ರಗಳನ್ನೇ ಸುಟ್ಟರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗಕ್ಕೆ ಬಂತು. ಮಾಲು ಸಾಗಿಸುವುದು ಸುಲಭವಾಯಿತು, ಸಾಲ ಹಾಗೇ ಉಳಿಯಿತು. ಕಡಿಮೆ ಬಡ್ಡಿಗೆ ರೈತರಿಗೆ ಸಾಲ ಸಿಗಲಿ ಅಂತ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ನಿಮ್ಮದೇ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಅಂತ ಹೆಸರಾದದ್ದು ಅದೇ.

ನೋಡಿ, ಮಣ್ಣಿನ ಪಾಠದಿಂದ ಹೊರಟು ಸಾಲದ ಪಾಠಕ್ಕೆ ಬಂದೆವು. ಭೂಗೋಳ, ಇತಿಹಾಸ, ಅರ್ಥಶಾಸ್ತ್ರ, ಬ್ಯಾಂಕು, ಕರ್ನಾಟಕ ಏಕೀಕರಣ ಎಲ್ಲವೂ ದಾರಿಯಲ್ಲೇ ಸಿಕ್ಕವು. ಮಕ್ಕಳು ಇಲ್ಲಿ ಕಲಿಯಬೇಕಾದದ್ದು ಇದನ್ನೇ: ಒಂದು ಘಟನೆ ಯಾಕೆ ಆಯಿತು, ಅದರಿಂದ ಯಾರಿಗೆ ಲಾಭ ಆಯಿತು, ಯಾರ ಮೇಲೆ ಭಾರ ಬಿತ್ತು. ಈ ಮೂರು ಪ್ರಶ್ನೆ ಕೇಳೋಕೆ ಬಂದರೆ ಪೇಪರಿನಲ್ಲಿ ಬರುವ ಬಜೆಟ್ ಸುದ್ದಿ, ಬೆಂಬಲ ಬೆಲೆಯ ಸುದ್ದಿ ಎಲ್ಲವೂ ಅರ್ಥವಾಗತೊಡಗುತ್ತದೆ.

ನೀವು ಮಾಡಬಹುದಾದ ಸಹಾಯಕ್ಕೆ ಪದವಿ ಬೇಡ. ಮಗಳು ಪಾಠ ಓದಿದ ಮೇಲೆ ಪುಸ್ತಕ ಮುಚ್ಚಿಸಿ, "ಹಂಗಾದ್ರ ಮುಂದೇನಾತು? ಯಾಕ ಹಂಗಾತು?" ಅಂತ ಕೇಳಿ. 1793ರ ಜಮೀನ್ದಾರಿ ಪದ್ಧತಿಗೂ ರೈತವಾರಿಗೂ ಏನು ವ್ಯತ್ಯಾಸ ಅಂತ ಹೇಳಲಿ. ಒಂದರಲ್ಲಿ ಕಂದಾಯ ಕಟ್ಟುವವನು ಜಮೀನ್ದಾರ, ಇನ್ನೊಂದರಲ್ಲಿ ರೈತ ನೇರವಾಗಿ ಸರ್ಕಾರಕ್ಕೆ ಕಟ್ಟುತ್ತಾನೆ. ಇಷ್ಟು ಸ್ವಂತ ಮಾತಿನಲ್ಲಿ ಬಂದರೆ ಸಾಕು, ಪಾಯಿಂಟುಗಳನ್ನು ಅವಳೇ ಬರೆಯುತ್ತಾಳೆ. ಮನೆಯಲ್ಲಿ ಹೊಲದ ಉತಾರ, ಅಂದರೆ ಪಹಣಿ, ಇದ್ದರೆ ತೆಗೆದು ತೋರಿಸಿ. ಅದರಲ್ಲಿರುವ ಸರ್ವೆ ನಂಬರ್ ಅನ್ನುವ ಏರ್ಪಾಡು ಬ್ರಿಟಿಷರ ಕಾಲದ ಭೂಮಾಪನದಿಂದ ಬಂದದ್ದು.

ಇಸವಿಗಳು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. 1757ರ ಪ್ಲಾಸಿ, 1764ರ ಬಕ್ಸಾರ್, 1824ರ ಕಿತ್ತೂರು, 1857ರ ದಂಗೆ ನೆನಪಿನಲ್ಲಿ ಇರಲೇಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿಲ್ಲದಿದ್ದರೆ ಕಾರಣ ಹೇಳೋಕೆ ಆಗುವುದಿಲ್ಲ. ಕಿತ್ತೂರು 1857ಕ್ಕಿಂತ 33 ವರ್ಷ ಮೊದಲು ಅಂತ ತಿಳಿದ ಮಗುವಿಗೆ ಚೆನ್ನಮ್ಮನ ಹೋರಾಟದ ತೂಕ ಬೇರೆಯಾಗಿಯೇ ಕಾಣುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಅಂಕ ಕಡಿಮೆ ಅಂತ ಸಮಾಜಶಾಸ್ತ್ರದ ಪಾಠಗಳನ್ನು ಬಿಟ್ಟುಬಿಡುವ ಮಕ್ಕಳು ಬಹಳ. ಅದು ನನಗೆ ತುಂಬಾ ನೋವಿನ ವಿಷಯ. ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ತೆಗೆದುಹಾಕಿದೆ, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾಯ್ದೆಯೂ ಬಂತು. ಬಾಲಕಾರ್ಮಿಕತೆ, ಬಾಲ್ಯವಿವಾಹ, ವರದಕ್ಷಿಣೆ ಎಲ್ಲವೂ ಆ ಪಾಠಗಳಲ್ಲಿವೆ. ಹದಿನೈದು ವರ್ಷದ ಹುಡುಗಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆ ಇಲ್ಲ. ಈ ಭಾಗವನ್ನು ಅವಳ ಜೊತೆ ಕೂತು ನೀವೂ ಓದಿ.

ಪ್ರಶ್ನೆ: ಸರ್, ನನಗೆ ಭಾರತದ ನಕ್ಷೆ ಬರೆಯೋಕೆ ಬರೋದೇ ಇಲ್ಲ. ಬರೆದರೂ ಸ್ಥಳಗಳನ್ನು ತಪ್ಪು ಜಾಗದಲ್ಲಿ ಗುರುತಿಸುತ್ತೇನೆ. ಪ್ರಿಪರೇಟರಿಯಲ್ಲಿ ಆ ಪ್ರಶ್ನೆಯನ್ನೇ ಬಿಟ್ಟೆ. – ಹತ್ತನೇ ತರಗತಿ ವಿದ್ಯಾರ್ಥಿ, ಹಿರಿಯೂರು

ಉತ್ತರ: ಬಿಡಬೇಡ ಕಣಪ್ಪ. ಚಿತ್ರ ಬರೆಯೋಕೆ ಬರಲ್ಲ ಅಂತ ಹೆದರುವುದೂ ಬೇಡ. ನಮ್ಮ ದೇಶ ಉತ್ತರದಿಂದ ದಕ್ಷಿಣಕ್ಕೆ 3,214 ಕಿ.ಮೀ., ಪೂರ್ವದಿಂದ ಪಶ್ಚಿಮಕ್ಕೆ 2,933 ಕಿ.ಮೀ. ಅಂತ ಪುಸ್ತಕದಲ್ಲಿದೆ ಅಲ್ವಾ? ಅದನ್ನೇ ಬಳಸಿಕೋ. ಪೆನ್ಸಿಲಿನಲ್ಲಿ 10 ಸೆಂ.ಮೀ. ಅಗಲ, 11 ಸೆಂ.ಮೀ. ಎತ್ತರದ ಚೌಕಟ್ಟು ತೆಳುವಾಗಿ ಎಳೆ. ನಡುವೆ ಅಡ್ಡಲಾಗಿ ಒಂದು ಗೆರೆ ಹಾಕು. ಅದು ಹೆಚ್ಚುಕಡಿಮೆ 23½ ಡಿಗ್ರಿ ಉತ್ತರ, ಅಂದರೆ ಕರ್ಕಾಟಕ ಸಂಕ್ರಾಂತಿ ವೃತ್ತ. ಸರಿಯಾಗಿ ಹೇಳಬೇಕೆಂದರೆ ಮಧ್ಯಕ್ಕಿಂತ ಚೂರು ಮೇಲೆ. ನಡುವೆ ಉದ್ದಕ್ಕೆ ಇನ್ನೊಂದು ಗೆರೆ. ಅದು 82½ ಡಿಗ್ರಿ ಪೂರ್ವ ರೇಖಾಂಶ, ನಮ್ಮ ಗಡಿಯಾರದ ಸಮಯ ನಿಗದಿಯಾಗುವ ಗೆರೆ. ಎರಡೂ ಛತ್ತೀಸ್‌ಗಢದ ಉತ್ತರ ಭಾಗದಲ್ಲಿ ಕೂಡುತ್ತವೆ.

ಈಗ ಹೊರಗೆರೆ. ಗುಜರಾತಿನ ಪಶ್ಚಿಮ ತುದಿ ಎಡ ಅಂಚಿನಲ್ಲಿ, ಅಡ್ಡ ಗೆರೆ ಮುಟ್ಟುವಲ್ಲೇ. ಅರುಣಾಚಲದ ಪೂರ್ವ ತುದಿ ಬಲ ಅಂಚಿನಲ್ಲಿ, ಕೆಳಗಿನಿಂದ ಏಳೂವರೆ ಸೆಂ.ಮೀ. ಎತ್ತರದಲ್ಲಿ. ಕನ್ಯಾಕುಮಾರಿ ಕೆಳ ಅಂಚಿನಲ್ಲಿ, ಎಡದಿಂದ 3 ಸೆಂ.ಮೀ. ದಾಟಿದ ಮೇಲೆ. ಮುಂಬೈ ಎಡದಿಂದ ಒಂದೂವರೆ, ಕೆಳಗಿನಿಂದ 4. ಕೋಲ್ಕತ್ತ ಎಡದಿಂದ 7, ಅಡ್ಡ ಗೆರೆಗಿಂತ ಸ್ವಲ್ಪ ಕೆಳಗೆ. ಈ ಚುಕ್ಕಿಗಳನ್ನು ಇಟ್ಟುಕೊಂಡು ಗೆರೆ ಕೂಡಿಸಿದರೆ ನಕ್ಷೆ ಸೊಟ್ಟಗಾದರೂ ಭಾರತವೇ ಆಗಿರುತ್ತದೆ.

ಗುರುತಿಸುವಾಗಲೂ ಇದೇ ಗೆರೆಗಳು ಕೈ ಹಿಡಿಯುತ್ತವೆ. ದೆಹಲಿ, ಬೆಂಗಳೂರು, ಕನ್ಯಾಕುಮಾರಿ ಮೂರೂ ಹೆಚ್ಚುಕಡಿಮೆ ಒಂದೇ ನೇರದಲ್ಲಿವೆ, 77 ಡಿಗ್ರಿಯ ಆಸುಪಾಸು. ವಿಶಾಖಪಟ್ಟಣ ಉದ್ದ ಗೆರೆಯ ಪಕ್ಕದಲ್ಲೇ, ಬಲಕ್ಕೆ. ಚೆನ್ನೈ ಅದೇ ಗೆರೆಯ ಎಡಕ್ಕೆ. ನರ್ಮದೆ ಅಡ್ಡ ಗೆರೆಯ ಕೆಳಗೆ, ಪಶ್ಚಿಮಕ್ಕೆ ಹರಿಯುತ್ತದೆ. ಅಣು ವಿದ್ಯುತ್ ಸ್ಥಾವರಗಳಲ್ಲಿ ಕೈಗಾ ನಮ್ಮ ಉತ್ತರ ಕನ್ನಡದಲ್ಲಿ, ತಾರಾಪುರ ಮುಂಬೈಗಿಂತ ಸ್ವಲ್ಪ ಮೇಲೆ. ಕರ್ಕಾಟಕ ವೃತ್ತ ಹಾದುಹೋಗುವ ಎಂಟು ರಾಜ್ಯಗಳನ್ನು ಎಡದಿಂದ ಬಲಕ್ಕೆ ಬೆರಳಿಟ್ಟು ಹೇಳಿ ನೋಡು: ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ, ಛತ್ತೀಸ್‌ಗಢ, ಜಾರ್ಖಂಡ್, ಪಶ್ಚಿಮ ಬಂಗಾಳ, ತ್ರಿಪುರ, ಮಿಜೋರಾಂ. ದಿನಕ್ಕೊಂದು ನಕ್ಷೆ ಬರೆ. ನೋಡಿಕೊಂಡು ಬೇಡ, ಚೌಕಟ್ಟಿನಿಂದಲೇ ಬರೆ. ಬರೆದ ಮೇಲೆ ಪುಸ್ತಕ ತೆಗೆದು ಸರಿಮಾಡಿಕೋ.

ಪ್ರಶ್ನೆ: ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಹೊಸದಾಗಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. 80 ಅಂಕ ಲಿಖಿತ, 20 ಆಂತರಿಕ. ಪ್ರಾಜೆಕ್ಟ್ ಮಾಡಿ ಅಂದರೆ ಮಕ್ಕಳು ಅಂಗಡಿಯಿಂದ ಪ್ರಿಂಟ್ ತೆಗೆಸಿ ತಂದು ಅಂಟಿಸುತ್ತಾರೆ. ಏನು ಮಾಡಲಿ? – ಶಿಕ್ಷಕಿ, ರಾಯಚೂರು ಜಿಲ್ಲೆ

ಉತ್ತರ: ಮೇಡಂ, ಪ್ರಿಂಟ್ ಸಿಗುವ ವಿಷಯ ಕೊಟ್ಟರೆ ಪ್ರಿಂಟೇ ಬರುತ್ತದೆ. "ಪಂಚಾಯತ್ ರಾಜ್ ವ್ಯವಸ್ಥೆ" ಅಂತ ಕೊಡಬೇಡಿ. "ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಎಷ್ಟು ಸದಸ್ಯರು, ಅದರಲ್ಲಿ ಮಹಿಳೆಯರು ಎಷ್ಟು, ಕಳೆದ ಗ್ರಾಮಸಭೆಯಲ್ಲಿ ಯಾವ ಕೆಲಸ ಒಪ್ಪಿದರು, ಅದು ಆಯಿತಾ" ಅಂತ ಕೊಡಿ. ಇದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. 1992ರ 73ನೇ ತಿದ್ದುಪಡಿ ಪಾಠದಲ್ಲಿ ಒಂದು ಸಾಲು. ಪಂಚಾಯಿತಿ ಕಟ್ಟೆಯ ಮೇಲೆ ಪಿಡಿಒ ಎದುರು ನಿಂತು ಪ್ರಶ್ನೆ ಕೇಳಿದ ಮಗುವಿಗೆ ಆ ಸಾಲು ಮರೆಯುವುದಿಲ್ಲ. ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮಸಭೆಗಳೂ ನಡೆಯುತ್ತವೆ. ಶೌಚಾಲಯ, ಕುಡಿಯುವ ನೀರು, ಬಸ್ಸಿನ ಸಮಯ ಇವನ್ನೆಲ್ಲ ಮಕ್ಕಳೇ ಬರೆದುಕೊಂಡು ಹೋಗಿ ಕೇಳಲಿ.

ಗ್ರಾಹಕ ಶಿಕ್ಷಣದ ಪಾಠಕ್ಕೆ ಪ್ರತಿ ಮಗು ಖಾಲಿ ಪೊಟ್ಟಣವೊಂದನ್ನು ತರಲಿ. ಗರಿಷ್ಠ ಮಾರಾಟ ಬೆಲೆ, ತೂಕ, ತಯಾರಾದ ದಿನ, ದೂರು ಕೊಡುವ ವಿಳಾಸ ಎಲ್ಲಿದೆ ಅಂತ ಹುಡುಕಲಿ. ಆಮೇಲೆ 1986ರ ಗ್ರಾಹಕ ರಕ್ಷಣಾ ಕಾಯ್ದೆಯ ಜಾಗಕ್ಕೆ 2019ರ ಕಾಯ್ದೆ ಬಂದಿದೆ ಅಂತ ಹೇಳಿ. ಬ್ಯಾಂಕಿನ ಪಾಠಕ್ಕೆ ಖಾಲಿ ಚಲನ್ ತರಿಸಿ ಕ್ಲಾಸಿನಲ್ಲೇ ತುಂಬಿಸಿ. ಮನೆಯಲ್ಲಿ ಅಜ್ಜಿಯ ಪಿಂಚಣಿ ಪಾಸ್‌ಬುಕ್ ಓದುವವರು ಆ ಮಕ್ಕಳೇ ಆಗಿರುತ್ತಾರೆ. ಊರಿನ ಹೊರಗೆ ವೀರಗಲ್ಲು ಇದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಎಷ್ಟು ಪಟ್ಟಿಕೆ ಇದೆ, ಕೆಳಗಿನದರಲ್ಲಿ ಕಾಳಗ, ಮೇಲೆ ಅಪ್ಸರೆಯರು, ತುದಿಯಲ್ಲಿ ಲಿಂಗ ಹೀಗೆ ನೋಡಿ ಬರೆಯಲಿ. ಕಲ್ಲಿನ ಮೇಲೆ ಸುಣ್ಣ, ಬಣ್ಣ ಬಳಿಯಬಾರದು ಅನ್ನುವುದೂ ಅಲ್ಲೇ ಹೇಳಿ. ಬರವಣಿಗೆಯಲ್ಲಿ ಕಾಗುಣಿತ ತಪ್ಪಿದರೂ ಅಂಕ ಕೊಡಿ. ಅಂಟಿಸಿದ ಬಣ್ಣದ ಹಾಳೆಗಿಂತ ಅದು ಎಷ್ಟೋ ಜಾಸ್ತಿ ಬೆಲೆಯದ್ದು.

ಪ್ರಶ್ನೆ: ಮಗನಿಗೆ ಸಮಾಜ ಅಂದರೆ ಪ್ರಾಣ. ಎಸ್ಸೆಸ್ಸೆಲ್ಸಿ ಆದಮೇಲೆ ಕಲಾ ವಿಭಾಗ ಅನ್ನುತ್ತಿದ್ದಾನೆ. ನೆಂಟರೆಲ್ಲ ಬೇಡ ಅನ್ನುತ್ತಾರೆ. – ಒಬ್ಬ ತಂದೆ, ಶಿರಸಿ

ಉತ್ತರ: ಕಳಿಸಿ. ಅಂಕ ಕಡಿಮೆ ಬಂದವರಿಗೆ ಮಾತ್ರ ಕಲಾ ವಿಭಾಗ ಅನ್ನುವ ಮಾತು ಎಷ್ಟೋ ಒಳ್ಳೆಯ ಮಕ್ಕಳ ದಾರಿ ತಪ್ಪಿಸಿದೆ. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಒಟ್ಟಿಗೆ ಸಿಗುವ ಎಚ್.ಇ.ಪಿ.ಎಸ್. ಅನೇಕ ಕಡೆ ಇದೆ. ಐದು ವರ್ಷದ ಕಾನೂನು ಪದವಿಗೆ ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಬಿ.ಎ. ಜೊತೆ ಬಿ.ಎಡ್. ಮಾಡಿದರೆ ಮೇಷ್ಟ್ರ ಕೆಲಸ. ಪತ್ರಿಕೋದ್ಯಮ, ಪುರಾತತ್ತ್ವ, ಸಮಾಜಕಾರ್ಯ ಇವೆ. ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವವರು ಈ ವಿಷಯಗಳನ್ನೇ ಮತ್ತೆ ಓದಬೇಕು. ಆದರೆ ಸೇರಿಸುವ ಮೊದಲು ಮಗನನ್ನು ಒಂದು ಮಾತು ಕೇಳಿ: ಇಷ್ಟ ಇತಿಹಾಸವಾ, ಭೂಗೋಳವಾ, ಅರ್ಥಶಾಸ್ತ್ರವಾ? ಭೂಗೋಳ ಅಂದರೆ ಅದು ಇರುವ ಕಾಲೇಜನ್ನೇ ಹುಡುಕಬೇಕು, ಎಲ್ಲ ಕಡೆ ಇರುವುದಿಲ್ಲ. ಮುಂದೆ ಅರ್ಥಶಾಸ್ತ್ರದಲ್ಲಿ ದೂರ ಹೋಗುವ ಆಸೆ ಇದ್ದರೆ ಗಣಿತದ ಕೈ ಬಿಡಬಾರದು. ಅರ್ಜಿ ಹಾಕುವ ಮೊದಲು ಕಾಲೇಜಿಗೆ ಹೋಗಿ ವಿಷಯಗಳ ಪಟ್ಟಿ ನೋಡಿ, ಆ ವಿಷಯಕ್ಕೆ ಉಪನ್ಯಾಸಕರು ಇದ್ದಾರಾ ಅಂತ ವಿಚಾರಿಸಿಕೊಂಡು ಬನ್ನಿ.